ಅಂಚು ಸವರಿದ ಗಾಜು

ಮೊದಲು ಒಂದು ಗೀರು, ತೆಳ್ಳಗೆ, ಹಲ್ಲು ಜುಮ್ಮೆನ್ನುವ ಹಾಗೆ. ಆಮೇಲೆ ಟಕ್ ಎಂದು ಗಾಜು ಎರಡಾಗುವ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ನಂತರ ಒದ್ದೆ ಕಲ್ಲಿನ ಮೇಲೆ ಅಂಚು ಉಜ್ಜುವ ಸರಸರ, ಒಂದಿಷ್ಟು ನೀರು, ಮತ್ತೆ ಸರಸರ.

ರಾಯಚೂರಿನ ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ ಜಬೀನ್ ಅವರ ಬೆಳಗು ಈ ಸದ್ದಿನಿಂದಲೇ ಶುರುವಾಗುತ್ತಿತ್ತು. ಕೆಳಗೆ ತಮ್ಮ ಹಫೀಜನ ಗಾಜಿನಂಗಡಿ, ಮೇಲೆ ಮನೆ. ಎಡೆದೊರೆ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲಿ ಕುಲಪತಿಗಳಿಗೆಂದೇ ಬಂಗಲೆಯೊಂದಿತ್ತು. ಹಳೆಯ ಕುಲಪತಿ ನಿವೃತ್ತರಾಗಿ, ಹೊಸಬರ ನೇಮಕವಾಗುವ ತನಕ ಆ ಕುರ್ಚಿಯ ಹೊಣೆ ಜಬೀನ್ ಅವರಿಗೆ ಬಂದಾಗ ಬಂಗಲೆಯ ಕೀಲಿಕೈಯೂ ಬಂತು. ಅವರು ಅಲ್ಲಿಗೆ ಹೋಗಲಿಲ್ಲ. ಕೇಳಿದವರಿಗೆ ಮಗಳ ಬದಲು ತಾಯಿ ಕುಬ್ರಾ ಬೇಗಂ ಉತ್ತರ ಕೊಡುತ್ತಿದ್ದರು. “ಅಲ್ಲಿ ಗಪ್ಪಂತಿರ್ತದರೀ, ಹೆಣ ಕಾಯಾಕ ಕುಂತಂಗ ಆಗ್ತದ. ಇಲ್ಲಾದ್ರ ನನ್ನ ಮಗ ಕಿರಕಿರ ಮಾಡ್ತಾನ, ಬದುಕೀವಂತ ಗೊತ್ತಾಗ್ತದ.”

ಏಪ್ರಿಲ್‌ನ ಒಂದು ಬೆಳಿಗ್ಗೆ ಜಬೀನ್ ಮೆಟ್ಟಿಲಿಳಿದು ಅಂಗಡಿಗೆ ಬಂದರು. ಬೆರಳಗಲದ, ಗೇಣುದ್ದದ ಪಟ್ಟಿಗಳು ಬೇಕು, ಇರುವುದರಲ್ಲೇ ತೆಳ್ಳನೆಯ ಗಾಜಿನಲ್ಲಿ, ಎಂದರು.

ಹಫೀಜ್ ಮನೆಯ ದಖ್ಖನಿ ಉರ್ದುವಿನಲ್ಲಿ ಛೇಡಿಸಿದ. “ಇತ್ತೆ ಛೋಟೆ ಆಯಿನೆ ಮೇಂ ಕೌನ್ ಮೂ ದೇಖತೆ, ಆಪಾ?” ಇಷ್ಟು ಸಣ್ಣ ಕನ್ನಡಿಯಲ್ಲಿ ಯಾರು ಮುಖ ನೋಡಿಕೊಳ್ಳುತ್ತಾರೆ ಅಕ್ಕಾ ಎಂದು.

“ದೀವಾರ್,” ಎಂದರು ಜಬೀನ್. ಗೋಡೆ.

ಅವನು ನಕ್ಕ. ಅವರು ನಗಲಿಲ್ಲ.

ದೇವದುರ್ಗದಲ್ಲಿ ಆ ವಿಶ್ವವಿದ್ಯಾಲಯದ್ದೇ ಒಂದು ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಹೊಸದಾಗಿ ಕಟ್ಟಿದ ಹೆಣ್ಣುಮಕ್ಕಳ ಹಾಸ್ಟೆಲಿನ ಮೆಟ್ಟಿಲಗೋಡೆಯಲ್ಲಿ, ಬಣ್ಣ ಬಳಿಯುವ ಮೊದಲೇ, ಓರೆಯಾಗಿ ಒಂದು ಬಿರುಕು ಕಾಣಿಸಿಕೊಂಡಿತ್ತು. ಗಾರೆ ಒಣಗಿ ಬಿಟ್ಟದ್ದಾದರೆ ಅದು ಸತ್ತ ಬಿರುಕು. ಮುಚ್ಚಿ ಬಣ್ಣ ಹೊಡೆದರೆ ಮುಗಿಯಿತು. ಅಡಿಯ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಗೋಡೆಯನ್ನು ಎಳೆದಾಡುತ್ತಿದ್ದರೆ ಅದು ಜೀವವಿರುವ ಬಿರುಕು. ಯಾವುದೆಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಗಾರೆಯಿಂದ ಕಚ್ಚಿಸುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಪಟ್ಟಿ ಒಡೆಯುತ್ತದೆ. ಗಾಜಿಗೆ ಬಾಗುವುದು ಗೊತ್ತಿಲ್ಲ.

ಜಬೀನ್ ಹುಟ್ಟಿದ್ದು ಮಾನ್ವಿಯಲ್ಲಿ. ತಂದೆ ಜಿಲಾನಿ ಪಾಷಾ ಬಸ್‌ಸ್ಟ್ಯಾಂಡಿನ ಎದುರು ಗಾಜು ಕೊಯ್ದು ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದರು. ನೀರಮಾನ್ವಿಯ ಯಲ್ಲಮ್ಮ, ಮಕ್ಕಾದ ಕಾಬಾ, ಯಾರದೋ ಮದುವೆಯ ಜೋಡಿ, ತೀರಿಹೋದ ಯಾರದೋ ಅಜ್ಜ, ಎಲ್ಲರೂ ಒಂದೇ ಗೋಡೆಗೆ ಒರಗಿಕೊಂಡು ತಮ್ಮವರು ಬಂದು ಒಯ್ಯುವುದನ್ನು ಕಾಯುತ್ತಿದ್ದರು. ಜಿಲಾನಿ ಪಾಷಾರದು ಒಂದು ಹಟ. ಎಷ್ಟು ಚಿಕ್ಕ ತುಂಡಾದರೂ ಅಂಚನ್ನು ಕಲ್ಲಿಗೆ ಸವರದೆ ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. ಕಟ್ಟಿನೊಳಗೆ ಮುಚ್ಚಿಹೋಗುವ ಅಂಚನ್ನು ಯಾರು ನೋಡುತ್ತಾರೆಂದು ಗಿರಾಕಿಗಳು ಅವಸರಪಡಿಸಿದರೆ, “ನಾಳಿ ಕಟ್ಟು ಮುರೀತದ, ನಿಮ್ಮನಿ ಕೂಸು ಎತ್ತಿಕೊಂತದ. ಕುಂದರ್ರಿ, ಚಾ ಕುಡೀರಿ,” ಎನ್ನುತ್ತಿದ್ದರು. ಸವರಿದ್ದನ್ನು ಪರೀಕ್ಷಿಸುವ ಕೆಲಸ ಮಗಳದು. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಮೆಲ್ಲಗೆ ಎಳೆಯಬೇಕು. ಎಲ್ಲೂ ತಡೆಯದಿದ್ದರೆ ತಂದೆಯ ಕಡೆ ತಲೆಯಾಡಿಸಬೇಕು. ಆ ಅಭ್ಯಾಸ ಅವರನ್ನು ಬಿಡಲೇ ಇಲ್ಲ. ದೊಡ್ಡ ದೊಡ್ಡ ಸಭೆಗಳಲ್ಲೂ ಮೇಜಿನ ಮೇಲಿನ ಗಾಜಿನ ಅಂಚಿನಲ್ಲಿ ಅವರ ಹೆಬ್ಬೆರಳು ತನ್ನಷ್ಟಕ್ಕೆ ತಾನು ಓಡಾಡುತ್ತಿರುತ್ತಿತ್ತು.

ಮಗಳು ರಾಯಚೂರಿಗೆ ಹೋಗಿ ಸಿವಿಲ್ ಇಂಜಿನಿಯರಿಂಗ್ ಓದುತ್ತಾಳೆಂದಾಗ ಮಾನ್ವಿಯ ಪೇಟೆಯಲ್ಲಿ ಮಾತಾಯಿತು. ಜಿಲಾನಿ ಪಾಷಾ ಯಾರೊಂದಿಗೂ ವಾದಿಸಲಿಲ್ಲ. ಮಗಳನ್ನು ಬಸ್ಸು ಹತ್ತಿಸಿ, ಬಸ್ಸು ಕಣ್ಮರೆಯಾಗುವ ತನಕ ನಿಂತು, ಬಂದು ಗಾಜು ಕೊಯ್ಯಲು ಕೂತರು. ಕಾಲೇಜಿನಲ್ಲಿ ಸರ್ವೆ ಕಲಿಸುವ ಮೇಷ್ಟ್ರು ಹುಡುಗಿಯರಿಗೆ ದಯೆ ತೋರಿಸಿದರು. “ನೀವು ನೆರಳಿನ್ಯಾಗ ಕುಂತು ನಕ್ಷಾ ತಗೀರಿ, ಬಿಸಲಾಗ ಹುಡುಗ್ರು ಅಡ್ಡಾಡ್ತಾರ.” ಜಬೀನ್ ಮರುದಿನ ಎಲ್ಲರಿಗಿಂತ ಮೊದಲು ಬಂದು ಸರ್ವೆ ಯಂತ್ರದ ಮುಕ್ಕಾಲಿಯನ್ನು ಹೆಗಲಿಗೇರಿಸಿಕೊಂಡು ಗುಡ್ಡದ ಕಡೆ ಹೊರಟಿದ್ದರು. ಉಪಕರಣ ಅವರ ಹೆಗಲ ಮೇಲಿದ್ದುದರಿಂದ ಉಳಿದವರು ಹಿಂದೆ ಹೋಗದೆ ವಿಧಿಯಿರಲಿಲ್ಲ.

ಮುಂದೆ ಅವರು ಮೇಷ್ಟ್ರಾದರು. ಈ ಸೀಮೆಯ ಎರೆಮಣ್ಣನ್ನೇ ತಮ್ಮ ಸಂಶೋಧನೆಗೆ ಆರಿಸಿಕೊಂಡರು. ಗಂಡ ಮುಕರ್ರಂ ಹೈಸ್ಕೂಲಿನ ಗಣಿತದ ಮಾಸ್ತರು. ಶಾಲೆಗೆ ರಜೆಯಿದ್ದ ದಿನ ಸ್ಕೂಟರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಯಾಪಲದಿನ್ನಿ, ಕಲ್ಮಲ ಎಂದು ಊರೂರು ಸುತ್ತಿ ಮಣ್ಣಿನ ಚೀಲ ಹೊತ್ತು ತರುತ್ತಿದ್ದ. ಹೊಲದವರು ನಗುತ್ತಿದ್ದರು: “ಬ್ಯಾರೆ ಗಂಡಸ್ರು ಹೆಂಡ್ತಿಗೆ ಬಂಗಾರ ಕೊಡಸ್ತಾರ, ನೀ ಏನಪಾ ಮಣ್ಣು ಕೊಡಸ್ತೀ.” ಮುಕರ್ರಂ ಪ್ರತಿ ಸಲವೂ ಮೊದಲ ಸಲ ಕೇಳಿದವನ ಹಾಗೆ ನಗುತ್ತಿದ್ದ. ಸಂಶೋಧನೆ ಮುಗಿದು, ಜಬೀನ್ ಹೆಸರಿನ ಹಿಂದೆ ಡಾಕ್ಟರ್ ಸೇರಿದ ಮೇಲೆ ಅವನು ಬಹಳ ಕಾಲ ಇರಲಿಲ್ಲ. ಒಂದು ಸಣ್ಣ ಜ್ವರ ದೊಡ್ಡದಾಯಿತು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಅಂಟಿದ್ದ ಕರಿಮಣ್ಣನ್ನು ಯಾರೂ ತೊಳೆಯಬಾರದೆಂದು ಅವರು ಹಫೀಜನಿಗೆ ಒಂದೇ ಮಾತಿನಲ್ಲಿ ಹೇಳಿದ್ದರು. ಹಫೀಜ್ ಇಂದಿಗೂ ತೊಳೆದಿಲ್ಲ.

ಅಲ್ಲಿಂದಾಚೆಗೆ ಕೆಲಸವೇ. ವಿಭಾಗದ ಮುಖ್ಯಸ್ಥೆ, ಡೀನ್, ಆಮೇಲೆ ಕುಲಪತಿಯ ಕುರ್ಚಿ. ಹುಡುಗರು ಬೆನ್ನ ಹಿಂದೆ ‘ಮಣ್ಣಿನ ಮೇಡಂ’ ಎನ್ನುತ್ತಿದ್ದರು. ಅವರಿಗದು ಗೊತ್ತಿತ್ತು, ಬೇಸರವಿರಲಿಲ್ಲ.

ದೇವದುರ್ಗದ ಕಾಲೇಜಿಗೆ ಹೆಣ್ಣುಮಕ್ಕಳು ಬರುವುದೇ ಕಡಿಮೆ, ಬಂದವರು ಉಳಿಯುವುದು ಇನ್ನೂ ಕಡಿಮೆ. ದೇವಿಕಾ ಬಂದವಳು. ತಂದೆ ಬೂದೆಪ್ಪ, ತಾಯಿ ಅಯ್ಯಮ್ಮ, ಕುರಿ ಸಾಕುವವರು. ಮಳೆಗಾಲ ಹಿಡಿದರೆ ಎರೆಹೊಲದ ಕೆಸರು ಕುರಿಗಳ ಗೊರಸಿಗೆ ಆಗದು. ಗಂಡಹೆಂಡತಿ ಮನೆಗೆ ಬೀಗ ಹಾಕಿ, ಹಿಂಡು ಹೊಡೆದುಕೊಂಡು ಕೆಂಪುಮಣ್ಣಿನ ಸೀಮೆಗೆ ಹೋದರೆ ಮರಳುವುದು ಚಳಿಗಾಲಕ್ಕೆ. ಮಗಳನ್ನು ಯಾರ ಹತ್ತಿರ ಬಿಡುವುದು? ಮೊದಲ ವರ್ಷ ದೇವದುರ್ಗದ ನೆಂಟರೊಬ್ಬರ ಪಡಸಾಲೆಯಲ್ಲಿ ಕಳೆಯಿತು. ಆ ನೆಂಟರೂ ಮನೆ ಮಾರಿ ಹೋದರು. ಹುಡುಗಿಯನ್ನು ಬಿಡಿಸಿಕೊಂಡು ಹೋಗಲು ಬೂದೆಪ್ಪ ಕಾಲೇಜಿಗೆ ಬಂದ ದಿನ ಜಬೀನ್ ಅಲ್ಲಿದ್ದರು.

“ಹಾಸ್ಟೆಲ್ ಕಟ್ಟಾಕತ್ತೀವಿ. ಮಳಿಗಾಲಕ್ಕ ಮೊದಲ ಆಗ್ತದ,” ಎಂದರು. “ಹುಡುಗಿ ಜವಾಬ್ದಾರಿ ನಂದು.”

ಬೂದೆಪ್ಪ ಕೈಯಲ್ಲಿದ್ದ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ. “ನೀವು ಅಂದ್ರ ಆತ್ರಿ ಯವ್ವಾ. ಕಾಗದ ಗೀಗದ ಏನೂ ಬ್ಯಾಡ. ನಾನು ಮಾತಿನ ಮ್ಯಾಲೆ ಕುರಿ ಕೊಟ್ಟಾಂವ.”

ಆ ಮಾತು ಜಬೀನ್ ಅವರ ಎದೆಯಲ್ಲಿ ಕೂತುಬಿಟ್ಟಿತು. ಹಾಸ್ಟೆಲ್ ತೆರೆದರೆ ದೇವಿಕಾಳಂಥ ಹುಡುಗಿಯರು ಉಳಿಯುತ್ತಾರೆ. ತೆರೆಯದಿದ್ದರೆ ಹಿಂಡಿನ ಹಿಂದೆ ಹೋಗುತ್ತಾರೆ. ಬಿರುಕು ಸತ್ತದ್ದಾಗಿರಲಿ ಎಂದು ಅವರು ಮೊದಲ ಬಾರಿಗೆ, ತಮ್ಮ ವಿದ್ಯೆಗೆ ಹೊರತಾಗಿ, ಆಸೆಪಟ್ಟರು. ಮೆಟ್ಟಿಲಗೋಡೆಗೆ ಗಾಜಿನ ಪಟ್ಟಿಗಳನ್ನು ತಾವೇ ಕಚ್ಚಿಸಿದರು. ದಿನವೂ ಬೆಳಿಗ್ಗೆ ಹೋಗಿ ನೋಡುವ ಕೆಲಸವನ್ನು ದೇವಿಕಾಳಿಗೆ ವಹಿಸಿದರು. “ಒಡೆದ್ರ ನಂಗ ಫೋನ್ ಮಾಡು. ಒಡೀಲಿಲ್ಲಂದ್ರ ಮಾಡಬ್ಯಾಡ.”

ಫೋನು ಬರಲಿಲ್ಲ. ಬೇಸಿಗೆ ಕಳೆಯಿತು. ಜೂನ್‌ನಲ್ಲಿ ಎರಡು ದೊಡ್ಡ ಮಳೆಯಾದವು. ಆಗಲೂ ಬರಲಿಲ್ಲ. ಉದ್ಘಾಟನೆಗೆ ದಿನ ಗೊತ್ತಾಯಿತು, ಬೆಂಗಳೂರಿನಿಂದ ದೊಡ್ಡವರು ಬರುವುದೂ ಗಟ್ಟಿಯಾಯಿತು. ಕುಲಸಚಿವ ಹಾಲೇಶ ಜಬೀನ್ ಅವರ ಹಳೆಯ ವಿದ್ಯಾರ್ಥಿ, ಅವರಿಗೆ ಒಳ್ಳೆಯದಾಗಲೆಂದು ಬಯಸುವವ. ಹಾಸ್ಟೆಲ್ ನೋಡಲು ಕಾರಿನಲ್ಲಿ ಹೋಗುವಾಗ ಅವನು ಮೆಲ್ಲಗೆ ಹೇಳಿದ: “ಇದ ತಿಂಗಳು ಕುಲಪತಿ ಆಯ್ಕೆ ಸಮಿತಿ ಕೂಡ್ತದರೀ ಮೇಡಂ. ಹಾಸ್ಟೆಲ್ ಸುರು ಆತಂದ್ರ ನಿಮ್ಮ ಹೆಸರು ದಾಟಿ ಮುಂದ ಹೋಗಾಕ ಯಾರಿಗೂ ಬಾಯಿ ಬರಂಗಿಲ್ಲ.”

ಜಬೀನ್ ಕಿಟಕಿಯಾಚೆ ನೋಡುತ್ತಿದ್ದರು. ಮಳೆ ಕುಡಿದ ಎರೆಹೊಲಗಳು ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿದ್ದವು.

ಮೆಟ್ಟಿಲಗೋಡೆಯ ಮುಂದೆ ಪ್ರಾಂಶುಪಾಲರು, ಕಟ್ಟಡದ ಗುತ್ತಿಗೆಯ ಕಡೆಯವರು, ಬದಿಗೆ ದೇವಿಕಾ. ಗಾಜಿನ ಪಟ್ಟಿಗಳೆಲ್ಲ ಇಡಿಯಾಗಿದ್ದವು. ಬೆಳಕು ಬಿದ್ದು ಒಂದೊಂದೂ ನೀರಿನ ಗೆರೆಯ ಹಾಗೆ ಕಾಣುತ್ತಿತ್ತು.

“ನೋಡ್ರಿ ಮೇಡಂ, ಒಂದೂ ಒಡೆದಿಲ್ಲ,” ಎಂದ ಹಾಲೇಶ. ಅವನ ದನಿಯಲ್ಲಿ ಹಗುರವಿತ್ತು. “ಸತ್ತ ಬಿರುಕು. ಇವತ್ತ ಬಣ್ಣ ಹೊಡಿಸೂಣು.”

ಜಬೀನ್ ಅವರಿಗೂ ಎದೆ ಹಗುರವಾಯಿತು. ಎಲ್ಲರೂ ಮಾತಾಡುತ್ತಿದ್ದಾಗ ಅವರ ಹೆಬ್ಬೆರಳು, ಹೇಳದೆ ಕೇಳದೆ, ನಡುವಿನ ಪಟ್ಟಿಯ ಅಂಚಿನುದ್ದಕ್ಕೂ ಸರಿಯಿತು.

ಚುರ್ ಎಂದಿತು. ಬೆರಳು ಹಿಂತೆಗೆದು ನೋಡಿದರು. ಒಂದು ಹನಿ ರಕ್ತ ಮೂಡಿ ನಿಂತಿತ್ತು.

ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡರು. ತಂದೆಯ ಕಾಲದಿಂದಲೂ ಅವರ ಅಂಗಡಿಯ ಗಾಜು ಯಾರ ಬೆರಳನ್ನೂ ಕೊಯ್ದಿರಲಿಲ್ಲ. ಹಫೀಜ್ ಸವರಿ ಕೊಟ್ಟ ಪಟ್ಟಿಗಳನ್ನು ಅವರೇ ಒಂದೊಂದಾಗಿ ಬೆರಳಿಂದ ನೋಡಿ ಕಾಗದದಲ್ಲಿ ಸುತ್ತಿದ್ದರು. ಇದು ಆ ಗಾಜಲ್ಲ. ತಲೆಯೆತ್ತಿದಾಗ ದೇವಿಕಾ ಅವರ ಬೆರಳನ್ನೇ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿದ ಕೂಡಲೇ ನೆಲ ನೋಡಿದಳು.

“ನೀವೆಲ್ಲಾ ಚಾ ಕುಡೀರಿ,” ಎಂದರು ಜಬೀನ್. “ದೇವಿಕಾ, ನೀ ಬಾ. ಮ್ಯಾಲಿನ ರೂಮು ತೋರಸು.”

ಮೇಲಿನ ಕೋಣೆಗಳಲ್ಲಿ ಮಂಚಗಳನ್ನು ಆಗಲೇ ಜೋಡಿಸಿದ್ದರು. ಹೊಸ ಕಬ್ಬಿಣದ ವಾಸನೆ. ಜಬೀನ್ ಒಂದು ಮಂಚದ ತುದಿಗೆ ಕೂತರು. ಹುಡುಗಿ ಬಾಗಿಲಲ್ಲೇ ನಿಂತಳು.

“ಯಾವಾಗ ಒಡೀತು?”

“ಎರಡನೇ ಮಳಿಗೆ ರೀ.”

“ಗಾಜು ಎಲ್ಲಿಂದ ತಂದಿ?”

“ಇಲ್ಲೇ ಪ್ಯಾಟ್ಯಾಗ ಕೊಯ್ಸಿದೆ. ಅಳತಿ ಅದ ಇಟ್ಟೀನ್ರೀ. ಗಾರೀನೂ ಅದ ಹದಕ್ಕ ಕಲಸಿದೆ. ಅಪ್ಪ ಹೊಂಟಾನ್ರೀ ಮೇಡಂ. ಹಿಂಡು ಊರ ಹೊರಗ ಬಂದು ನಿಂತದ. ಹಾಸ್ಟೆಲ್ ಇಲ್ಲಂದ್ರ ನನ್ನ ಪೆಟ್ಟಿಗೀನೂ ಹೇರು ಹೊರೂ ಕತ್ತಿ ಬೆನ್ನ ಮ್ಯಾಲೆ ಏರ್ತದ. ಒಂದು ಗ್ವಾಡಿ ಸ್ವಲ್ಪ ಸೀಳಿದ್ರ ಏನಾಗ್ತದ ಅನಸ್ತು. ಎಲ್ಲಾರ ಮನಿ ಗ್ವಾಡೀನೂ ಸೀಳಿರ್ತಾವು.”

ಜಬೀನ್ ಅವಳನ್ನು ನೋಡಿದರು. ಮುಕ್ಕಾಲಿಯನ್ನು ಹೆಗಲಿಗೇರಿಸಿಕೊಂಡು ಬಿಸಿಲಿಗೆ ನಡೆದ ಹುಡುಗಿಗೂ ಇದೇ ವಯಸ್ಸು.

“ಈ ಮಂಚದ ಮ್ಯಾಲೆ ಯಾರು ಮಲಗ್ತಿದ್ರು?” ಎಂದರು.

ದೇವಿಕಾ ಬರಿಯ ಮಂಚವನ್ನು ನೋಡಿದಳು.

“ನೀ ಇನ್ನೂ ಇಂಜಿನಿಯರ್ ಆಗಿಲ್ಲ. ಅದಕ್ಕ ಇದನ್ನ ತಪ್ಪು ಅಂತೀನಿ. ಆದ ಮ್ಯಾಲೆ ಮಾಡಿದ್ರ ಇದಕ್ಕ ಬ್ಯಾರೆ ಹೆಸರದ.” ಎದ್ದು ನಿಂತರು. “ಒಡೆದ ಚೂರು ಎಲ್ಲಿ?”

“ಹುಗದೀನ್ರೀ. ಕಾಲಾಗ ಯಾರಿಗರ ಚುಚ್ಚೀತು ಅಂತ.”

ಅಷ್ಟಾದರೂ ಯೋಚಿಸಿದಳಲ್ಲ ಎಂದು ಜಬೀನ್ ಅವರಿಗೆ ಅನ್ನಿಸಿತು.

ಕೆಳಗಿಳಿದು ಬಂದು ಗೋಡೆಯ ಬುಡ ಅಗೆಸಿದರು. ಹಾರೆ, ಸಲಿಕೆ ಬಂದವು. ಕಟ್ಟಡದ ಕಡೆಯವರ ಮುಖ ಅಗೆತ ಇಳಿದಷ್ಟೂ ಇಳಿಯಿತು. ತಳಪಾಯ ನಕ್ಷೆಯಲ್ಲಿ ತೋರಿಸಿದ ಗಟ್ಟಿ ಪದರಕ್ಕೆ ಮುಟ್ಟಿಯೇ ಇರಲಿಲ್ಲ. ಅದಕ್ಕೂ ಬಹಳ ಮೇಲೆ, ಒದ್ದೆ ಎರೆಮಣ್ಣಿನಲ್ಲಿ, ಹಿಟ್ಟಿಗೆ ಊರಿದ ಬೆರಳಿನಂತೆ ನಿಂತಿತ್ತು. ಜಬೀನ್ ಗುಂಡಿಯೊಳಗಿನಿಂದ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿ, ಕೈ ಕೊಡವಿದರು.

“ಉದ್ಘಾಟನೆ ಇಲ್ಲ.”

ಹಾಲೇಶ ಅವರನ್ನು ಬದಿಗೆ ಕರೆದ. “ಮೇಡಂ, ಗಾಜು ನಾನೂ ನೋಡೀನಿ. ಸರಿ ಇದ್ವಲ್ಲ?”

ಜಬೀನ್ ಸೆರಗು ಬಿಚ್ಚಿ ಬೆರಳು ತೋರಿಸಿದರು. “ಇದು ನಮ್ಮಂಗಡಿ ಗಾಜಲ್ಲ ಹಾಲೇಶ.”

ಅವನಿಗೆ ತಿಳಿಯಲು ತಡವಾಗಲಿಲ್ಲ. “ಯಾರು ಬದಲಿಸಿದ್ರು?”

“ಅದು ನನಗೂ ಅವರಿಗೂ ಇರ್ಲಿ.”

“ಹಂಗಾರ ಮುಂದ್ಲ ತಿಂಗಳ ತನಕ ಬಾಯಿ ಮುಚ್ಚಿಕೊಂಡಿರೂಣು. ಸಮಿತಿ ಮುಗೀಲಿ. ಆಮ್ಯಾಲೆ ನೀವ ಕುಲಪತಿ ಆಗಿ ಗ್ವಾಡಿ ಕೆಡವಿಸ್ರಿ, ಯಾರು ಬ್ಯಾಡಂತಾರ?”

“ಆ ತಿಂಗಳು ಹುಡುಗ್ಯಾರು ಎಲ್ಲಿ ಮಲಗ್ತಾರ?”

ಹಾಲೇಶ ಕನ್ನಡಕ ತೆಗೆದು ಒರೆಸಿದ. ತರಗತಿಯಲ್ಲಿ ಪ್ರಶ್ನೆ ಕೇಳಿದಾಗಲೂ ಅವನು ಹಾಗೇ ಮಾಡುತ್ತಿದ್ದ.

ಅಂದೇ ಸಂಜೆ ಜಬೀನ್ ಊರ ಹೊರಗಿನ ಹಿಂಡಿನ ಕಡೆ ಹೋದರು. ಕಾರು ಕೆಸರಿಗೆ ಇಳಿಯದೆ ದಾರಿಯಲ್ಲೇ ನಿಂತಿತು. ನಡೆದೇ ಹೋದರು, ಚಪ್ಪಲಿಗೆ ಎರೆಮಣ್ಣು ಮೆತ್ತಿ ಹೆಜ್ಜೆ ಹೆಜ್ಜೆಗೆ ಭಾರವಾಯಿತು. ದೇವಿಕಾ ಹಿಂದೆ ಬರುತ್ತಿದ್ದಳು. ಕತ್ತೆಗಳ ಮೇಲೆ ಕಂಬಳಿ, ಪಾತ್ರೆ, ಕೋಳಿಬುಟ್ಟಿ ಏರಿದ್ದವು. ಒಂದು ಕತ್ತೆಯ ಮೇಲೆ ನೀಲಿ ಬಣ್ಣದ ತಗಡಿನ ಪೆಟ್ಟಿಗೆ. ಅದು ಯಾರದೆಂದು ಕೇಳಬೇಕಾಗಿರಲಿಲ್ಲ.

“ಬರ್ರಿ ಯವ್ವಾ,” ಎಂದ ಬೂದೆಪ್ಪ. “ಹಾಸ್ಟೆಲ್ ಗ್ವಾಡಿ ಅಗದ್ರಂತ. ಊರಾಗೆಲ್ಲಾ ಅದ ಸುದ್ದಿ. ಅದಕ್ಕ ಪೆಟ್ಟಿಗಿ ಏರಿಸೀನಿ.”

“ಹಾಸ್ಟೆಲ್ ಈ ವರ್ಷ ಇಲ್ಲ,” ಎಂದರು ಜಬೀನ್. “ಮಾತು ಕೊಟ್ಟಿದ್ದೆ. ತಪ್ಪಿತು. ಅದನ್ನ ನಾನ ಬಂದು ಹೇಳಬೇಕಿತ್ತು.”

“ದೊಡ್ಡ ನೌಕರಿಯವ್ರ ಮಾತು ಹಂಗ ಬಿಡ್ರಿ,” ಎಂದ ಬೂದೆಪ್ಪ. ಸಿಟ್ಟಿನಿಂದಲ್ಲ, ತನಗೆ ಮೊದಲೇ ಗೊತ್ತಿದ್ದುದನ್ನು ಹೇಳುವವನ ಹಾಗೆ. ಆ ದನಿ ಸಿಟ್ಟಿಗಿಂತ ಹೆಚ್ಚು ನಾಟಿತು.

“ಕಾಲೇಜಿನ ಹಳೇ ಅತಿಥಿಗೃಹ ಅದ. ಕಲ್ಲಿನ ಕಟ್ಟಡ, ಗಟ್ಟಿ ಗರಸಿನ ನೆಲದ ಮ್ಯಾಲೆ ನಿಂತದ. ಹುಡುಗ್ಯಾರಿಗೆ ಅದನ್ನ ಬಿಡಸ್ತೀನಿ.”

“ಕಾಯಾಕ ಯಾರಿರ್ತಾರ?” ಕೇಳಿದ್ದು ಅಯ್ಯಮ್ಮ. ಕೈಯಲ್ಲೊಂದು ಕುರಿಮರಿ ಹಿಡಿದು ನಿಂತಿದ್ದವಳು.

“ನಾನಿರ್ತೀನಿ.”

“ನಿಮ್ಮನಿ?”

“ಅವ್ವನ್ನ ಕರಕೊಂಡು ಬರ್ತೀನಿ.”

ಬೂದೆಪ್ಪ ಅವರ ಚಪ್ಪಲಿ ನೋಡಿದ, ಮೆತ್ತಿದ ಮಣ್ಣು ನೋಡಿದ. “ಕುಲಪತಿ ಅಂದ್ರ ಭಾಳ ದೊಡ್ಡ ಕುರ್ಚಿ ಅಂದ್ರು. ಅಲ್ಲಿ ಕುಂತು, ಇಲ್ಲಿ ಹುಡುಗ್ಯಾರ ಕಾಯ್ತೀರಿ?”

“ಎರಡೂ ಮಾಡ್ತೀನಿ. ಒಂದು ಹೋದ್ರ ಇನ್ನೊಂದು ಉಳೀತದ.”

ಅವನು ಕತ್ತೆಯ ಹತ್ತಿರ ಹೋಗಿ ಹಗ್ಗದ ಗಂಟಿಗೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಸಡಿಲಿಸಿದ. ಪೆಟ್ಟಿಗೆಯನ್ನು ಇಳಿಸಿ, ಒದ್ದೆ ನೆಲಕ್ಕೆ ತಾಗದಂತೆ, ಮಗಳ ತಲೆಯ ಮೇಲೆ ಇಟ್ಟ.

ಕುಲಪತಿಯ ಹುದ್ದೆ ಹೊರಗಿನಿಂದ ಬಂದ ಬೇರೊಬ್ಬರಿಗೆ ಹೋಯಿತು. ಸಮಿತಿಯಲ್ಲಿ ಜಬೀನ್ ಹೆಸರು ಬಂದಾಗ ಯಾರೋ, ಒಂದು ಉದ್ಘಾಟನೆಯನ್ನೂ ನಿಭಾಯಿಸಲು ಆಗದವರು ಎಂದರಂತೆ. ಹಾಲೇಶನಿಂದ ಅದನ್ನು ಕೇಳಿದಾಗ ಜಬೀನ್ ತಲೆಯಾಡಿಸಿದರು, ಅಷ್ಟೇ. ತಮ್ಮನ್ನು ದೇವದುರ್ಗದ ಕಾಲೇಜಿಗೇ ಪ್ರಾಧ್ಯಾಪಕಿಯಾಗಿ ಕಳಿಸಿ ಎಂದು ಕೇಳಿಕೊಂಡರು. ಹಾಗೆ ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಬೇಗ ಒಪ್ಪಿಗೆಯಾಯಿತು.

ಅತಿಥಿಗೃಹದ ಮೊದಲ ವಾರ ಕುಬ್ರಾ ಬೇಗಂ ನಿದ್ದೆಯಿಲ್ಲವೆಂದು ಗೊಣಗಿದರು. ಇಲ್ಲಿಯೂ ಗಪ್ಪಂತ. ಆಮೇಲೆ ಹುಡುಗಿಯರು ಬೆಳಿಗ್ಗೆ ಕೊಳಾಯಿಗೆ ಜಗಳಾಡಲು ಶುರುಮಾಡಿದರು, ಅವರ ಗೊಣಗು ನಿಂತಿತು. “ಲೇ, ಬಕೀಟು ಒಡೀತೀರೇನು,” ಎಂದು ಮಂಚದಲ್ಲಿ ಕೂತೇ ಬಯ್ಯುತ್ತಿದ್ದರು. ಬಯ್ಯುವುದು ಅವರಿಗೆ ಒಗ್ಗಿತು. ದೇವಿಕಾ ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಅವರು ಅವಳಿಗೆ ದಖ್ಖನಿಯಲ್ಲಿ ಬಯ್ಯುವುದನ್ನು ಕಲಿಸುತ್ತಿದ್ದರು.

ಹಾಸ್ಟೆಲಿನ ತಳಪಾಯವನ್ನು ಗಟ್ಟಿ ಪದರದ ತನಕ ಇಳಿಸುವ ಕೆಲಸ ಬೇಸಿಗೆಯುದ್ದಕ್ಕೂ ನಡೆಯಿತು. ಮುಗಿದ ಮೇಲೆ ಮೆಟ್ಟಿಲಗೋಡೆಗೆ ಮತ್ತೆ ಗಾಜಿನ ಪಟ್ಟಿಗಳನ್ನು ಕಚ್ಚಿಸಿದರು. ರಾಯಚೂರಿನಿಂದ ಹಫೀಜನೇ ಬಂದಿದ್ದ, ಉಜ್ಜುವ ಕಲ್ಲನ್ನೂ ಹೊತ್ತು ತಂದಿದ್ದ. ಈ ಸಲ ಅಂಚು ಸವರಿದವಳು ದೇವಿಕಾ. ಒಂದೊಂದನ್ನೂ ತಂದು ಕೊಟ್ಟಾಗ ಜಬೀನ್ ಹೆಬ್ಬೆರಳು ಎಳೆದು ನೋಡಿದರು. ಎರಡನ್ನು ತಿರುಗಿ ಕೊಟ್ಟರು. ಉಳಿದವಕ್ಕೆ ತಲೆಯಾಡಿಸಿದರು.

ಮಳೆಗಾಲದ ಹೊಸ್ತಿಲಲ್ಲಿ ಹಾಲೇಶ ಒಂದು ಮಧ್ಯಾಹ್ನ ಬಂದ. ಅತಿಥಿಗೃಹದ ಕಟ್ಟೆಯ ಮೇಲೆ ಇಬ್ಬರೂ ಚಹಾ ಕುಡಿದರು. ಮೋಡ ತಗ್ಗಿತ್ತು. ಎದುರಿಗೆ ಅಂಗಳ, ಅಂಗಳದಾಚೆ ಹಾಸ್ಟೆಲು, ಇನ್ನೂ ಬೀಗ ಹಾಕಿಕೊಂಡು ತನ್ನ ಮಳೆಗಾಗಿ ಕಾಯುತ್ತಿತ್ತು. ಮಳೆ ಬಂದು ಹೋದ ಮೇಲೆ ಗಾಜು ಏನು ಹೇಳುತ್ತದೋ ಅದರ ಮೇಲೆ ಎಲ್ಲವೂ.

“ಒಂದು ಕೇಳ್ತೀನ್ರೀ ಮೇಡಂ,” ಎಂದ ಹಾಲೇಶ, ಬಹಳ ಕಾಲದಿಂದ ಬಾಯಲ್ಲಿಟ್ಟುಕೊಂಡದ್ದನ್ನು ಹೊರಹಾಕುವವನಂತೆ. “ಆವತ್ತು ನೀವು ಆ ಗಾಜು ಮುಟ್ಟದ ಬಂದಿದ್ರ, ಇವತ್ತು ಆ ಬಂಗಲೇದಾಗ ಇರ್ತಿದ್ರಿ. ಎಂದಾರ ಹಂಗ ಅನಸ್ತದೇನು?”

ಜಬೀನ್ ಲೋಟ ಕೆಳಗಿಟ್ಟರು. ಅವರ ಹೆಬ್ಬೆರಳಿನಲ್ಲಿ ಆ ದಿನದ ಗೀರು ಬಿಳಿ ಗೆರೆಯಾಗಿ ಉಳಿದಿತ್ತು. ಅದನ್ನೊಮ್ಮೆ ಸವರಿಕೊಂಡರು.

“ಅನಸ್ತದ,” ಎಂದರು. “ಸುಳ್ಳು ಯಾಕ ಹೇಳ್ಲಿ. ಆದ್ರ ಹಾಲೇಶ, ಮುಟ್ಟದ ಬಂದಿದ್ರ ನಾನು ಇವತ್ತು ಆ ಹುಡುಗ್ಯಾರ ಮುಂದ ನಿಂತು…”

ಅಂಗಳದ ಧೂಳಿನಲ್ಲಿ ಮೇಲಿಂದ ಎಸೆದ ಹಾಗೆ ದಪ್ಪ ಹನಿಗಳು ಬಿದ್ದವು. ಹಾಸ್ಟೆಲಿನ ಬಾಗಿಲಲ್ಲಿ ದೇವಿಕಾ ಆಗಲೇ ಬೀಗ ತೆಗೆದು ನಿಂತು ಇತ್ತ ನೋಡುತ್ತಿದ್ದಳು. ಜಬೀನ್ ಎದ್ದರು. ಮಾತನ್ನು ಅಲ್ಲೇ, ಲೋಟದ ಪಕ್ಕದಲ್ಲಿ ಬಿಟ್ಟು, ಹಾಲೇಶ ಚಾಚಿದ ಕೊಡೆಯನ್ನೂ ನೋಡದೆ, ಮಳೆಯೊಳಗೆ ಅಂಗಳ ದಾಟಿ ಆ ಗೋಡೆಯ ಕಡೆಗೆ ನಡೆದುಬಿಟ್ಟರು.